ಅಪ್ಪನ ಟೋಪಿ ಯಾರ ಆಸ್ತಿ?

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸರ ಟೋಪಿ ಬದಲಾಯಿತು. ಕಾನ್‌ಸ್ಟೇಬಲ್‌ಗಳು, ಹೆಡ್ ಕಾನ್‌ಸ್ಟೇಬಲ್‌ಗಳು ದಶಕಗಳಿಂದ ಹಾಕುತ್ತಿದ್ದ, ಒಂದು ಬದಿ ಮಡಚಿದ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಬಿಸಿಲಲ್ಲಿ ಭಾರವಾಗುತ್ತಿತ್ತು, ಗಲಾಟೆಯಲ್ಲಿ ಬಿದ್ದುಹೋಗುತ್ತಿತ್ತು ಎಂಬ ಹಳೆಯ ದೂರು ಕೊನೆಗೂ ಯಾರದೋ ಕಿವಿಗೆ ಬಿತ್ತು. ಒಳ್ಳೆಯದೇ ಆಯಿತು. ಆದರೆ ಟೋಪಿಯ ಆಕಾರದ ಬಗ್ಗೆ ಇಷ್ಟು ಮಾತಾಡಿದ ನಾವು, ಆ ಟೋಪಿ ಯಾವ ತಲೆಯಿಂದ ಯಾವ ತಲೆಗೆ ಹೋಗುತ್ತಿದೆ ಎಂದು ಕೇಳಿಕೊಂಡದ್ದು ಕಡಿಮೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಈ ಪ್ರಶ್ನೆ ಕೇಳಿದರೆ ಉತ್ತರ ಸುಲಭ. ಎಷ್ಟೋ ಮನೆಗಳಲ್ಲಿ ಅದು ಅಪ್ಪನಿಂದ ಮಗನಿಗೆ, ಈಗೀಗ ಮಗಳಿಗೆ ಹೋಗುತ್ತಿದೆ. ನಮ್ಮದೂ ಅಂಥದ್ದೇ ಮನೆ. ತಾತ ಸಿರುಗುಪ್ಪ ಕಡೆ ಪೇದೆಯಾಗಿದ್ದರು. ಅಪ್ಪ ಕುರುಗೋಡು, ಬಳ್ಳಾರಿ ಅಂತ ಓಡಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದರು. ನಾನು ಪತ್ರಿಕೋದ್ಯಮ ಓದಿದೆ. ತಂಗಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾಳೆ. 'ಮೂರು ತಲೆಮಾರಿನ ಖಾಕಿ ಮನೆತನ' ಅಂತ ಯಾರಾದರೂ ಮೆಚ್ಚುಗೆಯಿಂದ ಹೇಳಿದಾಗ ಹೆಮ್ಮೆ ಆಗುವುದು ಸುಳ್ಳಲ್ಲ. ಅದರ ಜೊತೆಗೆ ಒಂದು ಕಸಿವಿಸಿಯೂ ಆಗುತ್ತದೆ. ತಾತನನ್ನು, ಅಪ್ಪನನ್ನು, ತಂಗಿಯನ್ನು ಅಲ್ಲಿಗೆ ಕರೆದೊಯ್ದದ್ದು ಹೆಮ್ಮೆಯೋ, ಬೇರೆ ದಾರಿ ಇಲ್ಲದ್ದೋ?

ನನ್ನ ವಾದ ಇಷ್ಟೇ. ಅಪ್ಪನ ಟೋಪಿ ಮಕ್ಕಳಿಗೆ ಹಕ್ಕಾಗಿ ಬರಬಾರದು. ಹಾಗೆಯೇ, ಮಕ್ಕಳಿಗೆ ಅದೊಂದೇ ದಾರಿ ಅನ್ನುವ ಸ್ಥಿತಿಯೂ ಇರಬಾರದು. ಮೊದಲನೆಯದನ್ನು ನಮ್ಮ ಸಂವಿಧಾನ ಮಾಡಿ ಮುಗಿಸಿದೆ. ಎರಡನೆಯದು ಇನ್ನೂ ಬಾಕಿ ಇದೆ.

ತಳವಾರಿಕೆ ಹುಟ್ಟಿನಿಂದ ಬರುತ್ತಿದ್ದ ಕಾಲ

ನಮ್ಮ ಸೀಮೆಯಲ್ಲಿ ಪೊಲೀಸ್ ಕೆಲಸ ವಂಶಪಾರಂಪರ್ಯವಾಗಿದ್ದದ್ದು ನಿನ್ನೆ ಮೊನ್ನೆಯ ಮಾತಲ್ಲ. ಠಾಣೆ, ಲಾಠಿ, ಖಾಕಿ ಇವು ಬರುವ ಮೊದಲು ಊರಿಗೊಬ್ಬ ತಳವಾರ ಇದ್ದ. ಊರಿಗೆ ಬಂದವರು ಯಾರು, ಹೋದವರು ಯಾರು, ಯಾರ ಮನೆಯ ದನ ಯಾರ ಹೊಲಕ್ಕೆ ನುಗ್ಗಿತು, ಯಾವ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿದೆ, ಎಲ್ಲ ಅವನಿಗೆ ಗೊತ್ತು. ಕಳವಾದರೆ ಹೆಜ್ಜೆಯ ಜಾಡು ಹಿಡಿದು ಹೊರಡಬೇಕಾದವನು ಅವನೇ. ಜಾಡು ಊರ ಗಡಿ ದಾಟಿದರೆ ಮುಂದಿನ ಊರಿನ ತಳವಾರನಿಗೆ ಒಪ್ಪಿಸಬೇಕು. ಇದಕ್ಕೆ ಪ್ರತಿಯಾಗಿ ಅವನಿಗೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ರೈತರು ಕೊಡುವ ಕಾಳು, ಒಂದಿಷ್ಟು ಇನಾಮು ಜಮೀನು. ಬಳ್ಳಾರಿ ಸೀಮೆಯಲ್ಲಿ ಈ ಕೆಲಸ ಮಾಡಿದವರಲ್ಲಿ ಬೇಡ ನಾಯಕ ಸಮುದಾಯದವರು ಬಹಳ. ಇವತ್ತಿಗೂ 'ತಳವಾರ' ಎಂಬುದು ಮನೆತನದ ಹೆಸರಾಗಿ, ಜಾತಿಯ ಹೆಸರಾಗಿ ಉಳಿದಿದೆ. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಪರಿವಾರ, ತಳವಾರ ಎಂಬ ಎರಡನ್ನೂ ಸೇರಿಸಿತು. ಒಂದು ಹುದ್ದೆಯ ಹೆಸರು ಜಾತಿ ಪ್ರಮಾಣಪತ್ರದ ಕಾಲಂ ತಲುಪುವಷ್ಟು ಆಳಕ್ಕೆ ಈ ವಂಶಪಾರಂಪರ್ಯ ಇಳಿದಿತ್ತು.

1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಆಗ ಇಲ್ಲಿಗೆ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಇಲ್ಲೇ ಇದ್ದ, ಕುದುರೆಯ ಮೇಲೆ ಊರೂರು ಅಲೆದ, ಪಾಳೆಯಗಾರರನ್ನು ಬಗ್ಗಿಸಿದ. ಊರಿನ ಗೌಡ ಮತ್ತು ತಳವಾರರನ್ನು ಬದಿಗೊತ್ತಿ, ಮೇಲಿನಿಂದ ಸಂಬಳದ ದರೋಗರನ್ನು ಕೂರಿಸಿದರೆ ಕೆಲಸ ಆಗದು ಎಂಬುದು ಅವನ ಅಭಿಪ್ರಾಯವಾಗಿತ್ತು. ಮುಂದೆ ಅವನ ನೇತೃತ್ವದ ಆಯೋಗದ ಫಲವಾಗಿ ಬಂದ 1816ರ ಮದ್ರಾಸ್ ನಿಯಮಗಳು ದರೋಗರನ್ನು ತೆಗೆದುಹಾಕಿ, ಊರಿನ ಮುಖ್ಯಸ್ಥನಿಗೂ ತಳವಾರನಿಗೂ ಪೊಲೀಸ್ ಅಧಿಕಾರವನ್ನು ಕಾನೂನಿನ ಮೂಲಕವೇ ಕೊಟ್ಟವು. ಅಂದರೆ ರೂಢಿಯಲ್ಲಿದ್ದ ವಂಶದ ಕೆಲಸಕ್ಕೆ ಸರ್ಕಾರದ ಮುದ್ರೆ ಬಿತ್ತು.

1859ರ ಮದ್ರಾಸ್ ಪೊಲೀಸ್ ಕಾಯ್ದೆ ಬಂದ ಮೇಲೆ ಸಂಬಳ, ಸಮವಸ್ತ್ರದ ಪೊಲೀಸ್ ದಳ ಹುಟ್ಟಿತು. ಠಾಣೆಗೆ ಪೇದೆ ಬಂದ. ಆದರೂ ಊರಲ್ಲಿ ತಳವಾರ ಉಳಿದ. 1895ರ ಮದ್ರಾಸ್ ವಂಶಪಾರಂಪರ್ಯ ಗ್ರಾಮ ಹುದ್ದೆಗಳ ಕಾಯ್ದೆಯಂತೂ ಹೆಸರಲ್ಲೇ ಎಲ್ಲವನ್ನೂ ಹೇಳುತ್ತದೆ. ಗ್ರಾಮ ಮುನ್ಸೀಫನಿಂದ ಹಿಡಿದು ತಳವಾರ, ನೀರಗಂಟಿಯವರೆಗೆ ಹುದ್ದೆ ಯಾರ ಮನೆಗೆ ಹೋಗಬೇಕು ಎಂಬುದನ್ನು ಅದು ನಿಗದಿ ಮಾಡಿತು.

ಹುಟ್ಟಿನಿಂದ ಪೊಲೀಸ್, ಹುಟ್ಟಿನಿಂದ ಕಳ್ಳ

ಇದನ್ನೆಲ್ಲ ಓದುವಾಗ 'ಆಹಾ, ಎಂಥಾ ಪರಂಪರೆ' ಅನ್ನಿಸಬಹುದು. ಆದರೆ ಇದೇ ಆಲೋಚನೆಗೆ ಇನ್ನೊಂದು ಮುಖ ಇತ್ತು.

ಒಂದು ಮನೆಯ ಮಗು ಹುಟ್ಟುತ್ತಲೇ ಕಾವಲುಗಾರ ಎಂದು ಬರೆದಿಟ್ಟ ಅದೇ ಸರ್ಕಾರ, ಇನ್ನೊಂದು ಗುಡಿಸಲಿನ ಮಗುವನ್ನು ಹುಟ್ಟುತ್ತಲೇ ಕಳ್ಳ ಎಂದು ಬರೆದಿಟ್ಟಿತು. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರಚರಂಥ ಅಲೆಮಾರಿ ಸಮುದಾಯಗಳ ಜನ ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಹೇಳದೆ ಊರು ಬಿಡುವಂತಿಲ್ಲ. ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿ ಬದುಕುತ್ತಿದ್ದವರು ತಿರುಗುವುದೇ ಅಪರಾಧವಾಯಿತು. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಊರಲ್ಲಿ ಕಳವಾದರೆ ಮೊದಲು ಯಾವ ಓಣಿಗೆ ಜೀಪು ಹೋಗುತ್ತಿತ್ತು ಅಂತ ಹಿರಿಯರನ್ನು ಕೇಳಿ ನೋಡಿ. ರದ್ದಾದದ್ದು ಕಾಗದದಲ್ಲಿ ಮಾತ್ರ ಎಂದು ಗೊತ್ತಾಗುತ್ತದೆ.

ಪೊಲೀಸ್ ಮನೆತನದ ಚರಿತ್ರೆ ಹೇಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು. 'ನಮ್ಮ ರಕ್ತದಲ್ಲೇ ಪೊಲೀಸ್‌ಗಿರಿ ಇದೆ' ಅನ್ನುವ ಮಾತನ್ನು ನಾನು ಒಪ್ಪದಿರುವುದಕ್ಕೆ ಕಾರಣ ಇದೇ. ರಕ್ತದಲ್ಲಿ ಕಾವಲು ಇದೆ ಅಂದರೆ, ಇನ್ನೊಬ್ಬರ ರಕ್ತದಲ್ಲಿ ಕಳವು ಇದೆ ಅನ್ನುವುದನ್ನೂ ಒಪ್ಪಿಕೊಂಡಂತೆ.

ಕೋರ್ಟು ಹೇಳಿದ್ದು

ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯ ಸಮಾನ ಅವಕಾಶದ ಬಗ್ಗೆ ಹೇಳುತ್ತದೆ. ಧರ್ಮ, ಜಾತಿ, ಲಿಂಗಗಳ ಜೊತೆ ಅಲ್ಲಿ 'ವಂಶ' ಎಂಬ ಮಾತೂ ಇದೆ. 15ನೇ ವಿಧಿಯ ಪಟ್ಟಿಯಲ್ಲಿ ಈ ಪದ ಇಲ್ಲ. ನೌಕರಿಯ ವಿಷಯಕ್ಕೆ ಬಂದಾಗ ಮಾತ್ರ ಇದನ್ನು ಬೇರೆಯಾಗಿ ಬರೆಯಲಾಗಿದೆ.

ಆ ಒಂದು ಪದಕ್ಕೆ ಜೀವ ಬಂದದ್ದು ನಮ್ಮ ಹಳೆಯ ಮದ್ರಾಸ್ ಕಾಯ್ದೆಯಿಂದಲೇ. ಗುಂಟೂರು ಜಿಲ್ಲೆಯ ತೆನಾಲಿ ತಾಲೂಕಿನ ಒಂದು ಹಳ್ಳಿಯ ಗ್ರಾಮ ಮುನ್ಸೀಫ್ ಹುದ್ದೆಯ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಹಿಂದಿನ ಮುನ್ಸೀಫನ ಮನೆಯವನಿಗೇ ಹುದ್ದೆ ಕೊಡಬೇಕು ಎಂಬ 1895ರ ಕಾಯ್ದೆಯ ಕಲಮು ಸಂವಿಧಾನಕ್ಕೆ ವಿರುದ್ಧ ಎಂದು 1960ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಗ್ರಾಮ ಹುದ್ದೆಯೂ ಸರ್ಕಾರಿ ಹುದ್ದೆಯೇ, ಅದಕ್ಕೂ ಎಲ್ಲರಿಗೂ ಸಮಾನ ಅವಕಾಶ ಇರಬೇಕು ಎಂದು ಕೋರ್ಟು ಸ್ಪಷ್ಟವಾಗಿ ಹೇಳಿತು. ಮರುವರ್ಷ, 1961ರಲ್ಲಿ ನಮ್ಮ ರಾಜ್ಯವೂ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಮಾಡಿತು. 1963ರಲ್ಲಿ ಅದು ಜಾರಿಗೆ ಬಂದು ಗೌಡಿಕೆ, ಶಾನುಭೋಗಿಕೆ, ತಳವಾರಿಕೆ ಹೋದವು.

ಇದು ಸರಿಯಾದ ಕೆಲಸ. ಗೌಡರ ಮನೆಯ ಮಗನೇ ಗೌಡ ಎಂಬ ವ್ಯವಸ್ಥೆಯಲ್ಲಿ ದಲಿತನ ದೂರಿಗೆ ಎಂಥಾ ನ್ಯಾಯ ಸಿಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ರದ್ದು ಮಾಡುವಾಗ ಒಂದು ವ್ಯತ್ಯಾಸ ಗಮನಿಸಬೇಕಿತ್ತು. ಗೌಡರಿಗೆ, ಶಾನುಭೋಗರಿಗೆ ಹುದ್ದೆ ಹೋದರೂ ಹೊಲ, ಅಕ್ಷರ, ಸಂಪರ್ಕ ಉಳಿದವು. ತಳವಾರನಿಗೆ ಉಳಿದದ್ದು ಮರುಮಂಜೂರಾತಿಗೆ ಅರ್ಜಿ ಹಾಕಬೇಕಾದ ತುಂಡು ಇನಾಮು ಭೂಮಿ. ಆ ಭೂಮಿಯ ವ್ಯಾಜ್ಯಗಳು ಮುಂದೆ ದಶಕಗಟ್ಟಲೆ ಕೋರ್ಟುಗಳಲ್ಲಿ ನಡೆದವು. ಊರಿನ ಇಂಚಿಂಚು ತಿಳಿದಿದ್ದ ಅವನ ಅರಿವನ್ನು ಕೇಳಿ ಬರೆದುಕೊಂಡವರು ಇಲ್ಲವೆನ್ನುವಷ್ಟು ವಿರಳ.

ತಮಾಷೆ ನೋಡಿ. 2025ರಲ್ಲಿ ನಮ್ಮ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂಬ ಯೋಜನೆ ತಂದಿತು. ಪೊಲೀಸರು ಪ್ರತಿ ಮನೆಗೂ ಹೋಗಿ ಪರಿಚಯ ಮಾಡಿಕೊಳ್ಳಬೇಕು, ಕಷ್ಟ ಕೇಳಬೇಕು, ವಿಶ್ವಾಸ ಗಳಿಸಬೇಕು ಎಂಬುದು ಅದರ ಆಶಯ. ಊರಿನ ಪ್ರತಿ ಮನೆಯ ಪರಿಚಯ ಇದ್ದವನನ್ನು ಮನೆಗೆ ಕಳಿಸಿ ಅರವತ್ತು ವರ್ಷವಾದ ಮೇಲೆ, ಆ ಪರಿಚಯವನ್ನು ಮೊದಲಿನಿಂದ ಕಟ್ಟುತ್ತಿದ್ದೇವೆ.

ಕೂತಲ್ಲೇ ರಾಜ್ಯ ಬದಲಾದವರು

ಬಳ್ಳಾರಿಯ ಪೊಲೀಸ್ ಮನೆಗಳಿಗೆ ಇನ್ನೊಂದು ಅನುಭವ ಇದೆ. ತಾತ ಸೇರಿದ್ದು ಮದ್ರಾಸ್ ಪೊಲೀಸ್. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕು ಯಾರಿಗೆ ಎಂಬ ಜಗಳ ಬಗೆಹರಿಸಲು ನ್ಯಾಯಮೂರ್ತಿ ಮಿಶ್ರಾ ಅವರೇ ಬರಬೇಕಾಯಿತು. ಆಗಿನ ಬಳ್ಳಾರಿ ತಾಲೂಕಿನಲ್ಲೇ ಕುರುಗೋಡೂ ಇತ್ತು.

ಸಿರುಗುಪ್ಪದ ಪೇದೆಗೆ ಇದರ ಅರ್ಥ ಏನು? ನಿನ್ನೆಯವರೆಗೆ ಒಂದೇ ಜಿಲ್ಲೆಯಾಗಿದ್ದ ಆದೋನಿ ಇವತ್ತು ಬೇರೆ ರಾಜ್ಯ. ಬೀಗರ ಮನೆ ಅಲ್ಲಿ, ಡ್ಯೂಟಿ ಇಲ್ಲಿ. ಕಳ್ಳ ಗಡಿ ದಾಟಿದರೆ ಅದು ಬೇರೆ ರಾಜ್ಯದ ಪೊಲೀಸರ ಸರಹದ್ದು. ತಾತ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದರ್ಗಾದ ಹತ್ತಿರ ಉರ್ದು ಮಾತಾಡುತ್ತಿದ್ದರು. ಯಾವ ಟ್ರೈನಿಂಗಿನಲ್ಲೂ ಕಲಿತದ್ದಲ್ಲ. ಮೂರು ಭಾಷೆಯ ಪೊಲೀಸ್ ಇಲ್ಲದಿದ್ದರೆ ಆ ಕಡೆ ಅರ್ಧ ಜಗಳ ಅರ್ಥವೇ ಆಗುವುದಿಲ್ಲ. ಮುಂದೆ 1963ರ ಪೊಲೀಸ್ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ಕಾನೂನು ತಂದಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. ತಾತ ನಿವೃತ್ತರಾದದ್ದು ಕರ್ನಾಟಕ ಪೊಲೀಸ್ ಆಗಿ. ಮೂರು ರಾಜ್ಯದ ಹೆಸರಲ್ಲಿ ಸಂಬಳ ತೆಗೆದುಕೊಂಡ ಅವರು, ಬಸ್ಸಿನಲ್ಲಿ ಎರಡು ತಾಸಿನ ದಾರಿಗಿಂತ ದೂರದಲ್ಲಿ ಕೆಲಸ ಮಾಡಲೇ ಇಲ್ಲ.

ಮನೆತನದ ಮೂಲಕ ದಾಟಿ ಬರುವ ನಿಜವಾದ ಆಸ್ತಿ ಅಂದರೆ ಈ ಅರಿವು. ಹುದ್ದೆ ಹೊರಗಿನಿಂದ ಪರೀಕ್ಷೆ ಬರೆದು ಬಂದವರಿಗೆ ಹೋಗಲಿ, ತೊಂದರೆ ಇಲ್ಲ. ಈ ಅರಿವು ಮಾತ್ರ ತಾತನ ಜೊತೆ ಮಣ್ಣಾಗಬಾರದು.

ಮತ್ತೆ ಯಾಕೆ ಅದೇ ಖಾಕಿ?

ವಂಶದ ಬಾಗಿಲು 1963ರಲ್ಲೇ ಮುಚ್ಚಿದೆ. ಆದರೂ ಪೊಲೀಸರ ಮಕ್ಕಳು ಪೊಲೀಸರೇ ಆಗುವುದು ಯಾಕೆ ನಿಂತಿಲ್ಲ? ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಗೊತ್ತಿರುವ ಕೆಲವು ಕಾರಣ ಹೇಳುತ್ತೇನೆ.

ಒಂದು, ಮನೆ. ವರ್ಗಾವಣೆಯ ಮೇಲೆ ವರ್ಗಾವಣೆಯಾಗುವ ಪೇದೆ ಸ್ವಂತ ಮನೆ ಕಟ್ಟುವ ಹೊತ್ತಿಗೆ ನಿವೃತ್ತಿ ಹತ್ತಿರ ಬಂದಿರುತ್ತದೆ. ನಿವೃತ್ತಿಯಾದರೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಮಗ ಸೇರಿಕೊಂಡರೆ ತಲೆಯ ಮೇಲೆ ಸೂರು ಇರುತ್ತದೆ.

ಎರಡು, ಸಾವು. ನೌಕರಿಯಲ್ಲಿರುವಾಗಲೇ ಅಪ್ಪ ತೀರಿಕೊಂಡರೆ 1996ರ ನಿಯಮಗಳಂತೆ ಅವಲಂಬಿತರಲ್ಲಿ ಒಬ್ಬರಿಗೆ ಅನುಕಂಪದ ನೌಕರಿ ಸಿಗುತ್ತದೆ. ಇದು ವಾರಸುದಾರಿಕೆಯ ಹಕ್ಕಲ್ಲ, ದಿಢೀರನೆ ಬೀದಿಗೆ ಬಿದ್ದ ಕುಟುಂಬಕ್ಕೆ ಆಸರೆ ಮಾತ್ರ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಮದುವೆಯಾದ ಮಗಳಿಗೆ ಈ ಆಸರೆ ಇಲ್ಲ ಎಂಬ ನಮ್ಮ ರಾಜ್ಯದ ನಿಯಮವನ್ನು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಇವೆಲ್ಲ ನ್ಯಾಯವೇ. ಆದರೆ ಹದಿನೆಂಟು ತುಂಬಿದ ಹುಡುಗನೊಬ್ಬ ಓದು ಬಿಟ್ಟು ಅಪ್ಪನ ಫೋಟೊಕ್ಕೆ ಹಾರ ಹಾಕಿ ಅದೇ ಇಲಾಖೆಯ ಕಚೇರಿಯಲ್ಲಿ ಕೂರುವುದನ್ನು 'ಪರಂಪರೆ' ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮೂರು, ಅಪ್ಪ ಮನೆಯಲ್ಲಿ ಇಲ್ಲದಿರುವುದು. ಗಣೇಶ ಹಬ್ಬ, ಮೊಹರಂ, ಚುನಾವಣೆ, ಮಂತ್ರಿಗಳ ಭೇಟಿ ಎಲ್ಲಕ್ಕೂ ಬಂದೋಬಸ್ತು. ಕುರುಗೋಡಿನ ದೊಡ್ಡಬಸವೇಶ್ವರ ತೇರಿನ ದಿನ ಊರಿನ ಮಕ್ಕಳೆಲ್ಲ ಅಪ್ಪನ ಹೆಗಲ ಮೇಲೆ ಕೂತು ತೇರು ನೋಡಿದರೆ, ಪೊಲೀಸರ ಮಕ್ಕಳು ಅವ್ವನ ಕೈ ಹಿಡಿದು ಜನರ ನಡುವೆ ಅಪ್ಪನ ಟೋಪಿ ಹುಡುಕುತ್ತಾರೆ. ಮಕ್ಕಳ ಓದು, ಕಾಲೇಜು, ಬೇರೆ ಕೋರ್ಸು ಇವುಗಳ ಬಗ್ಗೆ ಕೂತು ಮಾತಾಡಲು ಅಪ್ಪನಿಗೆ ಹೊತ್ತಿಲ್ಲ. ಮಕ್ಕಳಿಗೆ ಹತ್ತಿರದಿಂದ ಗೊತ್ತಿರುವ ಕೆಲಸ ಒಂದೇ. ಅದನ್ನೇ ಹಿಡಿಯುತ್ತಾರೆ.

ಇದನ್ನೆಲ್ಲ ಪೇದೆ ತಾನೇ ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. 1966ರ ಕಾಯ್ದೆ ಪೊಲೀಸರು ಸಂಘ ಕಟ್ಟುವುದಕ್ಕೆ, ಬಹಿರಂಗವಾಗಿ ಮಾತಾಡುವುದಕ್ಕೆ ಬಿಗಿಯಾದ ನಿರ್ಬಂಧ ಹಾಕಿದೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಬೇಕೆಂಬ ಕರೆ ರಾಜ್ಯವನ್ನೇ ಅಲ್ಲಾಡಿಸಿದಾಗ ಪೇದೆಗಳ ಪರವಾಗಿ ಮಾತಾಡಿದವರಲ್ಲಿ ಅವರ ಹೆಂಡಂದಿರು, ಮಕ್ಕಳೂ ಇದ್ದರು. ಕರೆ ಕೊಟ್ಟ ಮುಖಂಡರ ಬಂಧನವಾಯಿತು. ಆಮೇಲೆ ಬಂದ ಔರಾದ್ಕರ್ ಸಮಿತಿಯ ವರದಿ, 2019ರ ವೇತನ ಪರಿಷ್ಕರಣೆ ಇವೆಲ್ಲದರ ಹಿಂದೆ ಆ ಮನೆಗಳ ಸಿಟ್ಟೂ ಇತ್ತು. ಪೊಲೀಸ್ ಕುಟುಂಬ ಎಂಬುದಕ್ಕೆ ರಾಜಕೀಯವಾಗಿ ಒಂದು ದನಿ ಇದೆ ಎಂದು ನಮಗೆ ಗೊತ್ತಾದದ್ದು ಆಗಲೇ.

ಪರೀಕ್ಷೆಯ ಬಾಗಿಲು

ವಂಶ ಬೇಡ, ಪರೀಕ್ಷೆ ಬೇಕು ಎನ್ನುವವನು ನಾನು. ಹಾಗಾಗಿಯೇ ಪರೀಕ್ಷೆ ಕೆಟ್ಟಾಗ ನನಗೆ ಹೆಚ್ಚು ಸಿಟ್ಟು ಬರುತ್ತದೆ.

545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರು ಬರೆದರು. ಖಾಲಿ ಬಿಟ್ಟ ಉತ್ತರ ಪತ್ರಿಕೆ ಆಮೇಲೆ ತುಂಬಿಕೊಂಡದ್ದು, ಬ್ಲೂಟೂತ್ ಮೂಲಕ ಉತ್ತರ ಬಂದದ್ದು ಒಂದೊಂದಾಗಿ ತನಿಖೆಯಲ್ಲಿ ಹೊರಬಿತ್ತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರೇ ಬಂಧನವಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ.

ಆ ಎರಡು ವರ್ಷ ಯಾರದ್ದು ಹೋಯಿತು? ಲಕ್ಷ ಲಕ್ಷ ಕೊಡಬಲ್ಲವರಿಗೆ ಬೇರೆ ಬಾಗಿಲು ಇದ್ದೇ ಇರುತ್ತದೆ. ಹೋದದ್ದು ಸಿರುಗುಪ್ಪದ ಭತ್ತದ ಗದ್ದೆಯ ಕೂಲಿಕಾರರ ಮಗನದ್ದು, ಬಳ್ಳಾರಿಯ ಬಾಡಿಗೆ ರೂಮಿನಲ್ಲಿ ನಾಲ್ಕು ಜನ ಸೇರಿ ಅನ್ನ ಮಾಡಿಕೊಂಡು ಓದುವವರದ್ದು, ಪ್ರಾಮಾಣಿಕ ಪೇದೆಯ ಮಗಳದ್ದು. 371ಜೆ ಬಂದ ಮೇಲೆ ನಮ್ಮ ಭಾಗದವರಿಗೆ ಸಿ ದರ್ಜೆಯ ಸ್ಥಳೀಯ ಹುದ್ದೆಗಳಲ್ಲಿ ಶೇಕಡಾ 80ರಷ್ಟು ಮೀಸಲು ಇದೆ. ಹಿಂದುಳಿದ ಸೀಮೆಗೆ ಸಿಕ್ಕ ಒಳ್ಳೆಯ ಆಸರೆ ಅದು. ಆದರೆ ಪರೀಕ್ಷೆಯೇ ಮಾರಾಟಕ್ಕಿಟ್ಟರೆ ಮೀಸಲಿಗೆ ಬೆಲೆ ಎಲ್ಲಿ? ವಂಶದಿಂದ ಬಿಡಿಸಿಕೊಂಡ ಹುದ್ದೆಯನ್ನು ದುಡ್ಡಿನ ಕೈಗೆ ಕೊಟ್ಟಂತಾಯಿತು.

ಅಪ್ಪ ತಂಗಿಗೆ ಹೇಳುವ ಮಾತು ಒಂದೇ: "ಓದವ್ವ, ಬ್ಯಾಡ ಅನ್ನಂಗಿಲ್ಲ. ಆದ್ರ ಇದನ್ನೊಂದ ನಂಬ್ಕೊಂಡು ಕುಂದ್ರಬ್ಯಾಡ. ಬ್ಯಾರೇನೂ ಕಲಿ." ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಖಾಕಿ ಹಾಕಿದ ಮನುಷ್ಯ ಮಗಳಿಗೆ ಕೊಡುವ ಸಲಹೆ ಇದು. ಇಲಾಖೆಯ ಮೇಲಿನ ದ್ವೇಷ ಇದರಲ್ಲಿ ಇಲ್ಲ. ಮಗಳು ಹೋಗುವುದಾದರೆ ಬೇರೆ ಗತಿ ಇಲ್ಲವೆಂದು ಹೋಗದೆ, ತಾನೇ ಬೇಕೆಂದು ಹೋಗಲಿ ಎಂಬ ಆಸೆ ಇದೆ.

ಆಗಬೇಕಾದದ್ದು

ದೊಡ್ಡ ಸುಧಾರಣೆಗಳ ಪಟ್ಟಿ ಸಮಿತಿಗಳ ವರದಿಯಲ್ಲಿದೆ. ನಾನು ಮೂರು ಸಣ್ಣ ಮಾತು ಹೇಳುತ್ತೇನೆ.

ನೇಮಕಾತಿ ಪರೀಕ್ಷೆಗೆ ಒಂದು ನಿಗದಿತ ಕ್ಯಾಲೆಂಡರ್ ಇರಲಿ. ಇಂಥ ತಿಂಗಳು ಅಧಿಸೂಚನೆ, ಇಂಥ ತಿಂಗಳು ಫಲಿತಾಂಶ ಅಂತ ಗೊತ್ತಿದ್ದರೆ ಹುಡುಗರು ವಯಸ್ಸಿನ ಲೆಕ್ಕ ಹಾಕಿಕೊಂಡು ಬೇರೆ ದಾರಿಯನ್ನೂ ನೋಡಿಕೊಳ್ಳುತ್ತಾರೆ.

ಕ್ವಾರ್ಟರ್ಸ್‌ಗಳ ಹತ್ತಿರ ಒಂದು ಗ್ರಂಥಾಲಯ, ಸಂಜೆ ಹೊತ್ತು ಮಕ್ಕಳಿಗೆ ಓದಿನ ಮತ್ತು ಉದ್ಯೋಗದ ಬಗ್ಗೆ ತಿಳಿಸಿಕೊಡುವ ಒಬ್ಬರು ಇರಲಿ. ಪೇದೆಯ ಮಗಳಿಗೆ ನರ್ಸಿಂಗ್, ಕೃಷಿ ವಿಜ್ಞಾನ, ಕಾನೂನು ಕೂಡ ಕೈಗೆಟಕುವ ದಾರಿಗಳು ಎಂದು ಗೊತ್ತಾಗಲಿ. ಅದಾದ ಮೇಲೂ ಖಾಕಿ ಬೇಕೆಂದರೆ ಹಾಕಿಕೊಳ್ಳಲಿ.

ಮೂರನೆಯದು ನಮ್ಮಂಥ ಪತ್ರಕರ್ತರ ಕೆಲಸ. ಪೊಲೀಸರ ಬಗ್ಗೆ ನಾವು ಬರೆಯುವುದು ಎರಡೇ ಹೊತ್ತಿನಲ್ಲಿ. ಪದಕ ಬಂದಾಗ, ಇಲ್ಲವೇ ಅಮಾನತಾದಾಗ. ನಡುವಿನ ಮೂವತ್ತು ವರ್ಷ ಯಾರಿಗೂ ಸುದ್ದಿಯಲ್ಲ. 1953ರ ಗಡಿ ಬದಲಾವಣೆ ಕಂಡ ಪೇದೆಗಳು ಈಗ ಬದುಕಿದ್ದರೆ ತೊಂಬತ್ತು ದಾಟಿದವರು. ತಳವಾರಿಕೆ ಮಾಡಿದ ಕೊನೆಯ ತಲೆಮಾರಿಗೂ ವಯಸ್ಸಾಗಿದೆ. ತೆಕ್ಕಲಕೋಟೆಯ ಕಟ್ಟೆಯ ಮೇಲೆ, ಕುರುಗೋಡಿನ ಓಣಿಯಲ್ಲಿ, ಬಳ್ಳಾರಿಯ ಮಗನ ಮನೆಯ ವರಾಂಡದಲ್ಲಿ ಅಂಥವರು ಇನ್ನೂ ಕೂತಿರಬಹುದು. ಅವರ ಹತ್ತಿರ ಹೋಗಿ ಕೂತು ಕೇಳಬೇಕು. ಅವರು ಹಿಡಿದ ಕಳ್ಳರ ಕಥೆ ಮಾತ್ರ ಸಾಲದು. ಅವರ ಕಾಲದ ಠಾಣೆಯಲ್ಲಿ ಯಾರನ್ನು ಕೂರಿಸಿ ಮಾತಾಡಿಸುತ್ತಿದ್ದರು, ಯಾರನ್ನು ಹೊರಗೇ ನಿಲ್ಲಿಸುತ್ತಿದ್ದರು ಎಂಬುದನ್ನೂ ಕೇಳಬೇಕು. ಕೊರಚರ ಹಟ್ಟಿಗೆ ಹೋಗಿ ಅದೇ ದಿನಗಳ ಇನ್ನೊಂದು ಕಥೆಯನ್ನೂ ಬರೆದುಕೊಳ್ಳಬೇಕು. ಎರಡೂ ಸೇರಿದರೆ ಮಾತ್ರ ಅದು ಚರಿತ್ರೆ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಳೆಯ ಪೇದೆಯೋ ತಳವಾರರೋ ಇದ್ದರೆ ಈ ವಾರವೇ ಮೊಬೈಲ್ ರೆಕಾರ್ಡರ್ ಹಾಕಿಕೊಂಡು ಒಂದು ತಾಸು ಕೂತುಬಿಡಿ. ಅವರ ಟೋಪಿ ನಿಮಗೆ ಬರಬೇಕಿಲ್ಲ, ಮಾತು ಬಂದರೆ ಸಾಕು.